ರೆನಾಲ್ಡ್ಸ್ ಕಾಲದ ಕ್ರಮದಲ್ಲಿ ಒಂದು ತೈಲ ಭಾವಚಿತ್ರ: ಕಿಟಕಿಯಿಂದ ವಾರ್ನಿಷ್‌ವರೆಗೆ

1770ರಿಂದ 1795ರವರೆಗಿನ ಲಂಡನ್ನಿನಲ್ಲಿ ಕೈಯಲ್ಲಿ ಕಾಸಿದ್ದವರೆಲ್ಲ ತಮ್ಮ ಭಾವಚಿತ್ರ ಬರೆಸಿಕೊಳ್ಳುತ್ತಿದ್ದರು. ಜೋಶುವಾ ರೆನಾಲ್ಡ್ಸ್, ಥಾಮಸ್ ಗೇನ್ಸ್‌ಬರೊ, ಜಾರ್ಜ್ ರಾಮ್ನಿ ಅಲ್ಲಿದ್ದರು. ಎಡಿನ್‌ಬರೋದಲ್ಲಿ ಹೆನ್ರಿ ರೇಬರ್ನ್ ಇದ್ದ. ಕೊನೆಕೊನೆಗೆ ಇಪ್ಪತ್ತರ ಹರೆಯದ ಥಾಮಸ್ ಲಾರೆನ್ಸ್ ಸೇರಿಕೊಂಡ. ಒಬ್ಬೊಬ್ಬರ ಕೈ ಒಂದೊಂದು ಥರ. ಆದರೆ ಕೆಲಸದ ಕ್ರಮ ಹೆಚ್ಚುಕಡಿಮೆ ಒಂದೇ: ಮೇಲಿನಿಂದ ಬೀಳುವ ಒಂದೇ ಬೆಳಕು, ತಣ್ಣನೆಯ ಬೂದುಬಣ್ಣದಲ್ಲಿ ಮುಖದ ಮೊದಲ ಪದರ, ಅದು ಒಣಗಿದ ಮೇಲೆ ಮೈಬಣ್ಣ, ಅದೂ ಒಣಗಿದ ಮೇಲೆ ಪಾರದರ್ಶಕ ಕೆಂಪು.

ಈ ಸಾಲಿನಲ್ಲಿ ತೂಕವಿರುವುದು "ಒಣಗಿದ ಮೇಲೆ" ಅನ್ನುವ ಮಾತಿಗೆ. ಅದನ್ನು ಪಾಲಿಸದೆ ಹೋದದ್ದಕ್ಕೆ ರೆನಾಲ್ಡ್ಸ್ ಬರೆದ ಎಷ್ಟೋ ಚಿತ್ರಗಳು ಅವನು ಬದುಕಿದ್ದಾಗಲೇ ಬಿರುಕುಬಿಟ್ಟವು, ಬಣ್ಣಗೆಟ್ಟವು. ಅವನಿಂದ ಕಲಿಯಬೇಕಾದದ್ದು ಎಷ್ಟಿದೆಯೋ ಅವನ ಅವಸರದಿಂದ ಕಲಿಯಬೇಕಾದದ್ದೂ ಅಷ್ಟೇ ಇದೆ.

ಈ ಲೇಖನ ತಲೆ ಮತ್ತು ಭುಜದ ಒಂದು ಭಾವಚಿತ್ರಕ್ಕೆ. ಎದುರು ಕೂರುವವರಿಂದ ಐದು ಸಿಟಿಂಗ್ ಬೇಕು, ಒಂದೊಂದೂ ಒಂದರಿಂದ ಒಂದೂವರೆ ಗಂಟೆ. ಒಣಗುವ ಸಮಯ ಸೇರಿಸಿದರೆ ಬೇಸಿಗೆಯಲ್ಲಿ ಎರಡು ತಿಂಗಳು, ಮಳೆಗಾಲದಲ್ಲಿ ಮೂರು. ತೈಲವರ್ಣವನ್ನು ಒಮ್ಮೆಯೂ ಮುಟ್ಟದವರು ಮೊದಲು ಒಂದು ಹಣ್ಣನ್ನೋ ತಂಬಿಗೆಯನ್ನೋ ಬರೆದು ಕೈ ಪಳಗಿಸಿಕೊಂಡು ಬನ್ನಿ.

ಅಳತೆ ಮತ್ತು ಕ್ಯಾನ್ವಾಸ್

ಆಗ ಬ್ರಿಟನ್ನಿನಲ್ಲಿ ಕ್ಯಾನ್ವಾಸ್ ಸಿದ್ಧ ಅಳತೆಗಳಲ್ಲಿ ಸಿಗುತ್ತಿತ್ತು, ಚಿತ್ರದ ಬೆಲೆಯೂ ಅಳತೆಯ ಮೇಲೆಯೇ. ತಲೆ-ಭುಜಕ್ಕೆ 30 × 25 ಇಂಚು. ಅದನ್ನು ತ್ರೀ-ಕ್ವಾರ್ಟರ್ ಎನ್ನುತ್ತಿದ್ದರು. ಒಂದು ಕೈ ಕಾಣಬೇಕಿದ್ದರೆ 36 × 28ರ ಕಿಟ್-ಕ್ಯಾಟ್. ಮೊಣಕಾಲಿನವರೆಗೆ ಬೇಕಿದ್ದರೆ 50 × 40ರ ಹಾಫ್-ಲೆಂಗ್ತ್. ನಿಂತ ಆಳಿನ ಪೂರ್ಣ ಚಿತ್ರಕ್ಕೆ 94 × 58. 1782ರ ನಂತರ ರೆನಾಲ್ಡ್ಸ್ ತಲೆಗೆ 50 ಗಿನಿ (ಒಂದು ಗಿನಿ ಅಂದರೆ 21 ಶಿಲ್ಲಿಂಗ್), ಹಾಫ್-ಲೆಂಗ್ತ್‌ಗೆ 100, ಪೂರ್ಣ ಚಿತ್ರಕ್ಕೆ 200 ಗಿನಿ ತೆಗೆದುಕೊಳ್ಳುತ್ತಿದ್ದ. ನಮಗೆ 30 × 25 ಸಾಕು. ಅದಕ್ಕಿಂತ ಸಣ್ಣದರಲ್ಲಿ ತಲೆಯ ಸುತ್ತ ಗಾಳಿಯಾಡುವುದಿಲ್ಲ, ಮುಖ ಚೌಕಟ್ಟಿಗೆ ಒತ್ತಿದಂತಾಗುತ್ತದೆ.

ನುಣುಪು ನೇಯ್ಗೆಯ ಲಿನನ್ ಉತ್ತಮ. ಹತ್ತಿ ಕ್ಯಾನ್ವಾಸ್ ನಮ್ಮ ಊರುಗಳಲ್ಲಿ ಸುಲಭವಾಗಿ ಸಿಗುತ್ತದೆ, ಆದರೆ ತೇವಕ್ಕೆ ಹಿಗ್ಗಿ ಕುಗ್ಗಿ ಸಡಿಲವಾಗುತ್ತದೆ. ಅದನ್ನೇ ಬಳಸುವುದಾದರೆ ಮೂಲೆಗಳಲ್ಲಿ ಮರದ ಬೆಣೆ ಇರುವ ಚೌಕಟ್ಟಿಗೆ ಬಿಗಿಯಿರಿ, ಸಡಿಲಾದಾಗ ಬೆಣೆ ತಟ್ಟಿ ಬಿಗಿ ಮಾಡಬಹುದು. ಅಕ್ರಿಲಿಕ್ ಗೆಸ್ಸೊ, ಅಂದರೆ ಬಣ್ಣ ಹಿಡಿಯಲೆಂದು ಬಳಿಯುವ ಬಿಳಿ ತಳಪದರ, ಮೂರು ಕೋಟ್ ಹಚ್ಚಿ. ಪ್ರತಿ ಕೋಟ್ ಒಣಗಿದ ಮೇಲೆ 220 ನಂಬರಿನ ಮರಳುಕಾಗದದಿಂದ ಹಗುರವಾಗಿ ಉಜ್ಜಿ, ಕೊನೆಯ ಕೋಟಿನ ನಂತರ ಮೂರು ದಿನ ಬಿಡಿ.

ಅಚ್ಚ ಬಿಳಿ ಮೇಲ್ಮೈ ಮೇಲೆ ಈ ಕೆಲಸ ಶುರು ಮಾಡಬೇಡಿ. ಬಿಳಿ 4 ಭಾಗ, ಯೆಲ್ಲೊ ಓಕರ್ 1 ಭಾಗ, ಐವರಿ ಬ್ಲ್ಯಾಕ್ ಒಂದು ಚಿಟಿಕೆ ಕಲಸಿ ಟರ್ಪಂಟೈನ್‌ನಲ್ಲಿ ತೆಳ್ಳಗೆ ಮಾಡಿ, ಅಗಲ ಬ್ರಷ್ಷಿನಿಂದ ಎಲ್ಲ ಕಡೆ ಹಚ್ಚಿ ಬಟ್ಟೆಯಿಂದ ಒರೆಸಿ. ಕಾಗದದ ಮೇಲೆ ಚಹಾ ಚೆಲ್ಲಿ ಒಣಗಿದರೆ ಯಾವ ಬಣ್ಣ ಉಳಿಯುತ್ತದೋ ಅದಕ್ಕೆ ಸ್ವಲ್ಪ ಬೂದು ಬೆರೆತಂತಿರಬೇಕು. ಒಂದು ವಾರ ಒಣಗಲಿ. ಈ ನಡುಬಣ್ಣ ಇದ್ದರೆ ಬೆಳಕನ್ನೂ ನೆರಳನ್ನೂ ಎರಡು ದಿಕ್ಕಿಗೆ ತೂಗಿ ನೋಡಬಹುದು. ಬಿಳಿಯ ಮೇಲೆ ಎಲ್ಲವೂ ಕಪ್ಪಾಗಿ ಕಾಣುತ್ತದೆ, ಹೆದರಿ ಎಲ್ಲವನ್ನೂ ಬೆಳ್ಳಗೆ ಮಾಡಿಬಿಡುತ್ತೀರಿ.

ಕಿಟಕಿ, ಕುರ್ಚಿ, ದೂರ

ಲೆಸ್ಟರ್ ಫೀಲ್ಡ್ಸ್‌ನಲ್ಲಿದ್ದ ರೆನಾಲ್ಡ್ಸ್‌ನ ಕೋಣೆ ಎಂಟು ಮೂಲೆಯದು, ಸುಮಾರು 20 ಅಡಿ ಉದ್ದ, 16 ಅಡಿ ಅಗಲ. ಕಿಟಕಿ ಒಂದೇ, ಅದೂ ಮಾಮೂಲಿ ಕಿಟಕಿಯ ಅರ್ಧದಷ್ಟು. ಅದರ ಕೆಳ ಅಂಚು ನೆಲದಿಂದ 9 ಅಡಿ 4 ಇಂಚು ಎತ್ತರದಲ್ಲಿತ್ತು. ಎದುರು ಕೂರುವವರ ಕುರ್ಚಿ ನೆಲದಿಂದ ಒಂದೂವರೆ ಅಡಿ ಎತ್ತರಿಸಿದ್ದು, ಚಕ್ರಗಳ ಮೇಲೆ ತಿರುಗುವಂಥದ್ದು. ಅವನು ನಿಂತೇ ಬರೆಯುತ್ತಿದ್ದುದರಿಂದ ಇಬ್ಬರ ಕಣ್ಣೂ ಒಂದೇ ಮಟ್ಟಕ್ಕೆ ಬರುತ್ತಿತ್ತು. ಬ್ರಷ್ಷುಗಳ ಹಿಡಿಕೆ 18–19 ಇಂಚು.

ಈ ಅಳತೆಗಳಿಗೆ ಒಂದೊಂದಕ್ಕೂ ಕಾರಣವಿದೆ. ಎತ್ತರದ ಸಣ್ಣ ಕಿಟಕಿಯಿಂದ ಬಂದ ಬೆಳಕು ಹಣೆ, ಮೂಗಿನ ಗೆರೆ, ಕೆನ್ನೆಯ ಮೇಲ್ಭಾಗವನ್ನು ಒಂದೇ ತುಂಡಾಗಿ ಬೆಳಗುತ್ತದೆ, ಕಣ್ಣಿನ ಗುಳಿ ಮತ್ತು ಗಲ್ಲದ ಕೆಳಗನ್ನು ಒಂದೇ ತುಂಡು ನೆರಳಾಗಿ ಬಿಡುತ್ತದೆ. ಎರಡು ಕಿಟಕಿ ತೆರೆದರೆ ನೆರಳು ಒಡೆದು ಚೂರಾಗುತ್ತದೆ, ಮುಖ ಚಪ್ಪಟೆಯಾಗುತ್ತದೆ. ಮುಖ ಹೋಲುತ್ತಿಲ್ಲ ಅನ್ನುವ ದೂರಿನ ಹಿಂದೆ ಬಹಳ ಸಲ ಈ ಎರಡನೇ ಕಿಟಕಿಯೇ ಇರುತ್ತದೆ.

ನಿಮ್ಮ ಮನೆಯಲ್ಲಿ ಉತ್ತರದ ಕಿಟಕಿ ಆರಿಸಿ, ನೆಲದಿಂದ ಆರು ಅಡಿವರೆಗೆ ಕಪ್ಪು ಬಟ್ಟೆ ಕಟ್ಟಿ, ಉಳಿದ ಕಿಟಕಿ ಮುಚ್ಚಿ, ಟ್ಯೂಬ್‌ಲೈಟ್ ಆರಿಸಿ. ಆದರೆ ಲಂಡನ್ನಿಗೂ ನಮಗೂ ಇಲ್ಲೊಂದು ವ್ಯತ್ಯಾಸವಿದೆ. ಲಂಡನ್ನಿನ ಉತ್ತರದ ಕಿಟಕಿಗೆ ಮಧ್ಯಾಹ್ನದ ಬಿಸಿಲು ಎಂದೂ ಬೀಳುವುದಿಲ್ಲ. ಬೆಂಗಳೂರು, ಮೈಸೂರು, ಮಂಗಳೂರು ಇರುವುದು 13 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ಮಧ್ಯದವರೆಗೆ ಇಲ್ಲಿ ಸೂರ್ಯ ನೆತ್ತಿಯಿಂದ ಉತ್ತರಕ್ಕೇ ವಾಲಿರುತ್ತಾನೆ. ಆ ತಿಂಗಳುಗಳಲ್ಲಿ ಉತ್ತರದ ಕಿಟಕಿಗೆ ಬಟರ್ ಪೇಪರ್ ಅಥವಾ ತೆಳು ಬಿಳಿ ಪಂಚೆ ಕಟ್ಟಿಕೊಳ್ಳಿ. ಸಿಟಿಂಗ್‌ಗಳನ್ನು ದಿನದ ಒಂದೇ ಹೊತ್ತಿಗೆ ಇಟ್ಟುಕೊಳ್ಳಿ.

ಬೆಳಕು ಸರಿಯಿದೆಯೇ ಎಂದು ತಿಳಿಯಲು ಮೂಗಿನ ನೆರಳು ನೋಡಿ. ಅದರ ತುದಿ ಬಾಯಿಯ ಮೂಲೆಯ ಕಡೆಗೆ ವಾಲಿರಬೇಕು, ತುಟಿಯನ್ನು ದಾಟಿರಬಾರದು. ದಾಟಿದ್ದರೆ ಬೆಳಕು ತೀರಾ ನೆತ್ತಿಯ ಮೇಲಿದೆ, ಕುರ್ಚಿಯನ್ನು ಕಿಟಕಿಯಿಂದ ಎರಡಡಿ ದೂರ ಸರಿಸಿ.

ಕ್ಯಾನ್ವಾಸ್ ನಿಲ್ಲಿಸುವ ಈಸೆಲ್ಲನ್ನು ಕೂತವರ ಪಕ್ಕಕ್ಕೇ ಇಡಿ, ಅವರ ಮುಖ ಮತ್ತು ಕ್ಯಾನ್ವಾಸ್ ಒಂದೇ ಸಾಲಿನಲ್ಲಿ ಬರುವಂತೆ. ಎಂಟು–ಹತ್ತು ಅಡಿ ಹಿಂದೆ ನಿಂತು ನೋಡಿ, ಮುಂದೆ ಬಂದು ಒಂದು ಗೀರು ಹಾಕಿ, ಮತ್ತೆ ಹಿಂದೆ ಹೋಗಿ. ರೇಬರ್ನ್ ಹೀಗೆಯೇ ಮಾಡುತ್ತಿದ್ದ. ಗೇನ್ಸ್‌ಬರೊ ಇನ್ನೂ ಮುಂದೆ ಹೋಗಿ ಆರಡಿ ಉದ್ದದ ಕೋಲಿಗೆ ಬ್ರಷ್ ಕಟ್ಟಿ ಬರೆದನೆಂದು ಅವನನ್ನು ಕಂಡವರು ಹೇಳಿದ್ದಾರೆ. ಕೋಣೆಯನ್ನು ಕತ್ತಲಾಗಿಸಿಕೊಂಡು, ಕೆಲವೊಮ್ಮೆ ಮೋಂಬತ್ತಿ ಬೆಳಕಲ್ಲಿ ಅವನು ಚಿತ್ರ ಶುರು ಮಾಡುತ್ತಿದ್ದ. ರೆಪ್ಪೆ, ಹುಬ್ಬು ಕಣ್ಣಿಗೆ ಬೀಳದೆ ದೊಡ್ಡ ಆಕಾರ ಮಾತ್ರ ಉಳಿಯಲಿ ಎಂದು. ನಿಮ್ಮ ಬ್ರಷ್ಷಿಗೆ ಒಂದಡಿ ಬಿದಿರಿನ ಕಡ್ಡಿ ಕಟ್ಟಿ ನೋಡಿ. ಮೊದಲ ಹತ್ತು ನಿಮಿಷ ಕೈ ತಡವರಿಸುತ್ತದೆ. ಆಮೇಲೆ ಬೆರಳಿನ ಬದಲು ಭುಜದಿಂದ ಗೀರು ಬರತೊಡಗುತ್ತದೆ.

ಬಣ್ಣಗಳು

ಆ ಕಾಲದ ಪ್ಯಾಲೆಟ್ ಚಿಕ್ಕದು. ಸೀಸದ ಬಿಳಿ, ಯೆಲ್ಲೊ ಓಕರ್, ನೇಪಲ್ಸ್ ಯೆಲ್ಲೊ, ವರ್ಮಿಲಿಯನ್, ಲೈಟ್ ರೆಡ್ ಎಂಬ ಕೆಮ್ಮಣ್ಣಿನ ಬಣ್ಣ, ಕೊಚಿನೀಲ್ ಹುಳುವಿನಿಂದ ಮಾಡಿದ ಲೇಕ್ ಎಂಬ ಪಾರದರ್ಶಕ ಕೆಂಪು, ಅಂಬರ್ ಎಂಬ ಮಣ್ಣಿನ ಕಂದು, ಅಸ್ಫಾಲ್ಟಂ, ಪ್ರಷ್ಯನ್ ಬ್ಲೂ, ಐವರಿ ಬ್ಲ್ಯಾಕ್. ಬೆಲೆ ತೆತ್ತರೆ ಲಾಜವರ್ದ ಕಲ್ಲಿನ ಅಲ್ಟ್ರಾಮರೀನ್. ಬಣ್ಣ ಹಂದಿಯ ಮೂತ್ರಕೋಶದ ಚೀಲಗಳಲ್ಲಿ ಬರುತ್ತಿತ್ತು. ತವರದ ಟ್ಯೂಬ್ ಬಂದದ್ದು 1841ರಲ್ಲಿ.

ಇವತ್ತು ಇವುಗಳಲ್ಲಿ ಮೂರನ್ನು ಬದಲಿಸಬೇಕು.

ಸೀಸದ ಬಿಳಿ ವಿಷ. ಬದಲಿಗೆ ಟೈಟಾನಿಯಂ ಬಳಸಿ, ಆದರೆ ಅದರ ಶಕ್ತಿ ಹೆಚ್ಚು, ಬಣ್ಣ ತಣ್ಣಗೆ. ಹಳೆಯ ಪಾಕದಲ್ಲಿ ಬಿಳಿ ಎರಡು ಭಾಗ ಎಂದಿದ್ದರೆ ಒಂದರಿಂದ ಶುರು ಮಾಡಿ. ಮಳೆಗಾಲದಲ್ಲಿ ಮೊದಲ ಪದರಕ್ಕೆ ಬೇಗ ಒಣಗುವ ಆಲ್ಕೈಡ್ ಬಿಳಿ ತೆಗೆದುಕೊಂಡರೆ ಒಂದೆರಡು ದಿನದಲ್ಲಿ ಕೈಗೆ ಅಂಟುವುದಿಲ್ಲ.

ಕೊಚಿನೀಲ್ ಲೇಕ್ ಬೆಳಕಿಗೆ ಮಾಸುತ್ತದೆ. ರೆನಾಲ್ಡ್ಸ್‌ನ ಎಷ್ಟೋ ಮುಖಗಳು ಇವತ್ತು ರಕ್ತಹೀನರಂತೆ ಕಾಣುವುದು ಇದರಿಂದಲೇ. ಕೆನ್ನೆಯ ಕೆಂಪನ್ನೆಲ್ಲ ಅವನು ಲೇಕ್ ಒಂದರ ಮೇಲೆಯೇ ನಿಲ್ಲಿಸಿದ್ದ. ಬದಲಿಗೆ ಕ್ವಿನಾಕ್ರಿಡೋನ್ ಕೆಂಪು ಕೊಳ್ಳಿ. ಟ್ಯೂಬಿನ ಮೇಲೆ ಅಲಿಜರಿನ್ ಕ್ರಿಮ್ಸನ್ ಎಂದಿದ್ದು ವರ್ಣಸಂಖ್ಯೆ ಪಿಆರ್ 83 ಆಗಿದ್ದರೆ ಅದೂ ಮಾಸುವ ಜಾತಿಯೇ, ತೆಳು ಗ್ಲೇಜ್‌ಗೆ, ಅಂದರೆ ಕೆಳಗಿನ ಬಣ್ಣ ಕಾಣುವಂತೆ ಸವರುವ ಪಾರದರ್ಶಕ ಪದರಕ್ಕೆ, ಬೇಡ. ಅನುಮಾನವಿದ್ದರೆ ಒಂದು ಪಟ್ಟಿ ಬಳಿದು ಅರ್ಧ ಭಾಗಕ್ಕೆ ಕಪ್ಪು ಕಾಗದ ಅಂಟಿಸಿ, ಬಿಸಿಲು ಬೀಳುವ ಕಿಟಕಿಯಲ್ಲಿ ಮೂರು ತಿಂಗಳು ಇಟ್ಟು ತೆಗೆದು ನೋಡಿ.

ಮೂರನೆಯದು ಅಸ್ಫಾಲ್ಟಂ, ಅಂದರೆ ಡಾಂಬರಿನ ಕಂದು. ನೆರಳಿಗೆ ಜೇನಿನಂಥ ಆಳ ಕೊಡುತ್ತದೆ, ಅದಕ್ಕೇ ಅದರ ಮೇಲೆ ಅವರಿಗೆ ಆಸೆ. ಆದರೆ ಅದು ಪೂರ್ತಿ ಒಣಗುವುದೇ ಇಲ್ಲ. ಮೇಲಿನ ಪದರ ಒಣಗಿ ಬಿಗಿಯಾಗುತ್ತದೆ, ಕೆಳಗಿನದು ಸರಿದಾಡುತ್ತಲೇ ಇರುತ್ತದೆ, ಕೊನೆಗೆ ಚಿತ್ರ ಬತ್ತಿದ ಕೆರೆಯಂಗಳದ ಹಾಗೆ ಅಗಲ ಬಿರುಕು ಬಿಡುತ್ತದೆ. ಟ್ರಾನ್ಸ್‌ಪರೆಂಟ್ ಆಕ್ಸೈಡ್ ಬ್ರೌನ್‌ಗೆ ಐವರಿ ಬ್ಲ್ಯಾಕ್ ಸ್ವಲ್ಪ ಸೇರಿಸಿದರೆ ಅದೇ ಆಳ ಬರುತ್ತದೆ. ಮ್ಯಾಸ್ಟಿಕ್ ಎಂಬ ಮರದ ರಾಳದ ವಾರ್ನಿಷ್ ಮತ್ತು ಸೀಸ ಹಾಕಿ ಕುದಿಸಿದ ಅಗಸೆ ಎಣ್ಣೆಯ ಮೆಗಿಲ್ಪ್ ಅನ್ನುವ ಲೋಳೆಯನ್ನೂ ಬಿಟ್ಟುಬಿಡಿ. ಬ್ರಷ್ಷಿನಡಿ ಬೆಣ್ಣೆಯಂತೆ ಜಾರುತ್ತದೆ, ಮುಂದೆ ಹಳದಿಗಟ್ಟಿ ಸೀಳುತ್ತದೆ.

ಒಂದು ಸಿಟಿಂಗ್‌ಗೆ ಬಿಳಿ ಒಂದು ಟೇಬಲ್ ಚಮಚ, ಓಕರ್ ಒಂದು ಟೀ ಚಮಚ, ಉಳಿದವು ಕಾಲು ಟೀ ಚಮಚ ಸಾಕು. ವರ್ಮಿಲಿಯನ್ ಪಾದರಸದ್ದು, ಅದರ ಬದಲು ಪಿರೋಲ್ ಕೆಂಪು ಬಳಸಬಹುದು.

ಮೊದಲ ಸಿಟಿಂಗ್: ತಣ್ಣನೆಯ ಮುಖ

30 ಇಂಚಿನ ಎತ್ತರದಲ್ಲಿ ನೆತ್ತಿ ಮೇಲಂಚಿನಿಂದ ಐದೂವರೆ ಇಂಚು ಕೆಳಗೆ ಬರಲಿ. ತಲೆಯ ಉದ್ದ ಎಂಟೂವರೆ ಇಂಚು. ಹಾಗಾದರೆ ಕಣ್ಣಿನ ಗೆರೆ ಮೇಲಿನಿಂದ ಸುಮಾರು ಹತ್ತು ಇಂಚಿಗೂ ಗಲ್ಲ ಹದಿನಾಲ್ಕಕ್ಕೂ ಬೀಳುತ್ತದೆ. ಆ ಕಾಲದ ಕೇಶವಿನ್ಯಾಸವನ್ನೇ ಹಾಕುವುದಾದರೆ ಜಾಗ ಇನ್ನೂ ಬೇಕು. 1770ರ ದಶಕದಲ್ಲಿ ಹೆಂಗಸರ ಕೂದಲು ಗೋಪುರದಂತೆ ಮೇಲೆದ್ದಿತ್ತು, 1780ರ ದಶಕದಲ್ಲಿ ಅಗಲಕ್ಕೆ ಹರಡಿತು. 1795ರಲ್ಲಿ ಕೂದಲ ಪೌಡರಿಗೆ ವರ್ಷಕ್ಕೆ ಒಂದು ಗಿನಿ ತೆರಿಗೆ ಬಿದ್ದ ಮೇಲೆ ಪೌಡರೇ ಹೊರಟುಹೋಯಿತು. ಹಳೆಯ ಚಿತ್ರದ ಕಾಲ ಹೇಳಲು ಇದಕ್ಕಿಂತ ಸುಲಭದ ಗುರುತಿಲ್ಲ.

ರೆನಾಲ್ಡ್ಸ್, ರೇಬರ್ನ್ ರೇಖಾಚಿತ್ರವಿಲ್ಲದೆ ನೇರ ಬ್ರಷ್ಷಿನಿಂದ ಶುರು ಮಾಡುತ್ತಿದ್ದರು. ಲಾರೆನ್ಸ್ ಕ್ಯಾನ್ವಾಸಿನ ಮೇಲೆ ಸೀಮೆಸುಣ್ಣದಲ್ಲಿ ತಲೆಯನ್ನು ಎಚ್ಚರದಿಂದ ಬರೆದುಕೊಂಡೇ ಬಣ್ಣಕ್ಕೆ ಇಳಿಯುತ್ತಿದ್ದ. ನೀವು ಲಾರೆನ್ಸ್ ದಾರಿ ಹಿಡಿಯಿರಿ. ಕಣ್ಣಿನ ಗೆರೆಯ ಓರೆ, ಮೂಗಿನ ತಳ, ಬಾಯಿಯ ಗೆರೆ, ಗಲ್ಲ ಇಷ್ಟು ಗುರುತು ಸಾಕು.

ಲಾರ್ಡ್ ಹೋಲ್ಡರ್ನೆಸ್‌ನ ಚಿತ್ರ ಬರೆಯುವಾಗ ರೆನಾಲ್ಡ್ಸ್ ಏನು ಮಾಡಿದನೆಂದು ಕವಿ ವಿಲಿಯಂ ಮೇಸನ್ ಪಕ್ಕದಲ್ಲಿ ನಿಂತು ನೋಡಿ ಬರೆದಿಟ್ಟಿದ್ದಾನೆ. ತಲೆ ಬರುವ ಜಾಗಕ್ಕೆ ಮೊದಲೇ ಬಿಳಿ ಹಚ್ಚಿತ್ತು, ಅದಿನ್ನೂ ಹಸಿಯಿತ್ತು. ಪ್ಯಾಲೆಟ್ಟಿನಲ್ಲಿದ್ದದ್ದು ಬಿಳಿ, ಲೇಕ್, ಕಪ್ಪು, ಮೂರೇ. ಒಂದು ಗಂಟೆಯೊಳಗೆ ಆ ಮೂರನ್ನೇ ಹಸಿ ಬಿಳಿಯಲ್ಲಿ ಕಲಸಿ ಗುರುತು ಹಿಡಿಯಬಹುದಾದ ಮುಖ ತಂದ. ಆದರೆ ಆ ಮುಖ ಹೆಣದಷ್ಟು ತಣ್ಣಗಿತ್ತು. ಎರಡನೇ ಸಿಟಿಂಗ್‌ನಲ್ಲಿ ಸ್ವಲ್ಪ ನೇಪಲ್ಸ್ ಯೆಲ್ಲೊ ಸೇರಿತು.

ನಾವೂ ಹೀಗೇ ಮಾಡೋಣ, ಲೇಕ್ ಬದಲು ಲೈಟ್ ರೆಡ್ ಇಟ್ಟುಕೊಂಡು. ಬಿಳಿ, ಐವರಿ ಬ್ಲ್ಯಾಕ್, ಲೈಟ್ ರೆಡ್ ಬೆರೆಸಿ ಮೂರು ಗುಡ್ಡೆ ಮಾಡಿ: ಬೆಳಕು, ನಡು, ನೆರಳು. ಐವರಿ ಬ್ಲ್ಯಾಕ್ ಬಿಳಿಯೊಡನೆ ಬೆರೆತರೆ ನೀಲಿ ಛಾಯೆ ಬರುತ್ತದೆ, ಬೇರೆ ನೀಲಿ ಬೇಡ. ಟರ್ಪಂಟೈನ್ ಕೆಲವೇ ಹನಿ, ಎಣ್ಣೆ ಹಾಕಬೇಡಿ. ಕಣ್ಣು ಅರೆಮುಚ್ಚಿ ನೋಡಿ ನೆರಳಿನ ತುಂಡುಗಳನ್ನು ಮೊದಲು ಇಡಿ. ಕಣ್ಣಿನ ಗುಳಿ, ಮೂಗಿನ ಪಕ್ಕ, ಗಲ್ಲದ ಕೆಳಗು, ಕತ್ತು ಎಲ್ಲ ಒಂದಕ್ಕೊಂದು ಸೇರಿದ ಒಂದೇ ನಕ್ಷೆಯಂತಿರಲಿ. ಆಮೇಲೆ ಬೆಳಕು, ಸ್ವಲ್ಪ ದಪ್ಪಗೆ. ನಡುವಣ ಬಣ್ಣವನ್ನು ಕೊನೆಗೆ ತಂದು ಎರಡನ್ನೂ ಹೊಲಿಯಿರಿ. ಒಣ ಬ್ರಷ್ಷಿನಿಂದ ಅಂಚುಗಳನ್ನು ಮೃದುವಾಗಿ ಸವರಿ.

ಇವತ್ತು ರೆಪ್ಪೆ ಇಲ್ಲ, ತುಟಿಯ ಗೆರೆ ಇಲ್ಲ. ಹತ್ತಡಿಯಿಂದ ಆಳು ಯಾರೆಂದು ತಿಳಿಯಬೇಕು, ಎರಡಡಿಯಿಂದ ಬೂದು ಮಚ್ಚೆಗಳಷ್ಟೇ ಕಾಣಬೇಕು. ಹತ್ತಡಿಯಿಂದಲೂ ಹೋಲದಿದ್ದರೆ ಹಸಿಯಿರುವಾಗಲೇ ಒರೆಸಿ ಮತ್ತೆ ಇಡಿ, ಮುಂದಿನ ಯಾವ ಪದರವೂ ಇದನ್ನು ಸರಿಮಾಡುವುದಿಲ್ಲ. ಬೆನ್ನ ಹಿಂದೆ ಕನ್ನಡಿ ಇಟ್ಟು ಚಿತ್ರವನ್ನು ತಿರುಗುಮುರುಗಾಗಿ ನೋಡಿ. ಒಂದು ಕಣ್ಣು ಕೆಳಗಿಳಿದಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ.

ಕಾಯುವುದು

ಬೇಸಿಗೆಯಲ್ಲಿ ಏಳರಿಂದ ಹತ್ತು ದಿನ, ಮಲೆನಾಡು-ಕರಾವಳಿಯ ಮಳೆಯಲ್ಲಿ ಎರಡು-ಮೂರು ವಾರ. ಬೆಳಕಿರುವ ಕೋಣೆಯಲ್ಲಿಡಿ, ಕತ್ತಲ ಬೀರುವಿನಲ್ಲಿ ಅಗಸೆ ಎಣ್ಣೆ ಹಳದಿಯಾಗುತ್ತದೆ. ಒಣಗಿದೆಯೋ ಎಂದು ನೋಡಲು ದಪ್ಪ ಬಣ್ಣವಿರುವ ಕಡೆ, ಅಂದರೆ ಹಣೆಯ ಬೆಳಕಿನ ಮೇಲೆ, ಹಗುರವಾಗಿ ಉಗುರು ಒತ್ತಿ. ಗುರುತು ಬಿದ್ದರೆ ಇನ್ನೂ ಕಾಯಿರಿ. ಬೆರಳಿಗೆ ಅಂಟದಿರುವುದಷ್ಟೇ ಸಾಲದು, ಕೆನೆಗಟ್ಟಿದ ಹಾಲಿನಂತೆ ಒಳಗೆ ಹಸಿಯಿರಬಹುದು.

ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು. ಎಣ್ಣೆ ಹೆಚ್ಚಿರುವ ಪದರ ನಿಧಾನ ಒಣಗುತ್ತದೆ, ಬಹಳ ಕಾಲ ಬಾಗುವ ಗುಣ ಉಳಿಸಿಕೊಳ್ಳುತ್ತದೆ. ಅದು ಕೆಳಗಿದ್ದು ಬೇಗ ಒಣಗುವ ಗಡಸು ಪದರ ಮೇಲೆ ಬಂದರೆ ಬಿರುಕು ಖಂಡಿತ. ರೆನಾಲ್ಡ್ಸ್ ಪದರಗಳ ನಡುವೆ ವಾರ್ನಿಷ್, ಮೇಣ, ಮೊಟ್ಟೆ ಕೂಡ ಹಾಕಿ ನೋಡಿದ. ಒಂದೊಂದೂ ಒಣಗುವ ವೇಗ ಬೇರೆ, ಚಿತ್ರ ಅವುಗಳ ಎಳೆದಾಟಕ್ಕೆ ಸಿಕ್ಕಿತು.

ಎಣ್ಣೆ ಹೀರಿದ ಬಟ್ಟೆಗಳನ್ನು ಮುದ್ದೆಮಾಡಿ ಬುಟ್ಟಿಗೆ ಎಸೆಯಬೇಡಿ. ಅಗಸೆ ಎಣ್ಣೆ ಒಣಗುವಾಗ ಬಿಸಿಯಾಗುತ್ತದೆ, ಮುದ್ದೆಯೊಳಗೆ ತಾನಾಗಿ ಬೆಂಕಿ ಹೊತ್ತಬಹುದು. ಮುಚ್ಚಳವಿರುವ ತಗಡಿನ ಡಬ್ಬಿಯಲ್ಲಿ ನೀರು ತುಂಬಿ ಅದರಲ್ಲಿ ಹಾಕಿ.

ಎರಡು ಮತ್ತು ಮೂರನೇ ಸಿಟಿಂಗ್: ಮೈಬಣ್ಣ

ಈಗ ಬಣ್ಣಕ್ಕೆ ಬೆರೆಸುವ ಮಾಧ್ಯಮ ಬೇಕು: ಸ್ಟ್ಯಾಂಡ್ ಆಯಿಲ್ (ಕಾಯಿಸಿ ಗಟ್ಟಿ ಮಾಡಿದ ಅಗಸೆ ಎಣ್ಣೆ) ಒಂದು ಭಾಗ, ಟರ್ಪಂಟೈನ್ ಎರಡು ಭಾಗ. ಬಿಳಿ ಚರ್ಮಕ್ಕೆ ಬೆಳಕಿನ ಗುಡ್ಡೆ: ಬಿಳಿ 6, ಓಕರ್ 1, ವರ್ಮಿಲಿಯನ್ ಅರ್ಧ. ನಡುಬಣ್ಣ: ಬಿಳಿ 4, ಓಕರ್ 1, ಲೈಟ್ ರೆಡ್ 1. ನೆರಳು: ಲೈಟ್ ರೆಡ್ 1, ಅಂಬರ್ 1, ಕಪ್ಪು ಅರ್ಧ. ಬೆಳಕು ನೆರಳಿಗೆ ತಿರುಗುವ ಅಂಚಿನಲ್ಲಿ ಕೆಳಗಿನ ಬೂದು ಪದರವನ್ನು ಮುಚ್ಚಬೇಡಿ. ಕೆನ್ನೆಯ ತಿರುವಿನಲ್ಲಿ, ಕಣ್ಣಿನ ಕೆಳಗೆ, ಕಣತಲೆಯಲ್ಲಿ ಕಾಣುವ ಆ ನೀಲಿ ಬೂದು ಇರುವುದರಿಂದಲೇ ಚರ್ಮ ಚರ್ಮದಂತೆ ಕಾಣುತ್ತದೆ. ಎಲ್ಲ ಕಡೆ ಒಂದೇ ಗುಲಾಬಿ ಬಳಿದರೆ ಮುಖ ಮೇಣದ ಬೊಂಬೆಯಾಗುತ್ತದೆ.

ನಮ್ಮ ಮೈಬಣ್ಣಕ್ಕೆ ಈ ಪಾಕ ಹಾಗೇ ಹೊಂದುವುದಿಲ್ಲ, ಆದರೆ ಕ್ರಮ ಹೊಂದುತ್ತದೆ. ಡಬ್ಲಿನ್‌ನಲ್ಲಿ ಹುಟ್ಟಿ ಮದರಾಸಿನಲ್ಲಿ ತೀರಿಕೊಂಡ ಥಾಮಸ್ ಹಿಕ್ಕಿ 1799ರಲ್ಲಿ ಶ್ರೀರಂಗಪಟ್ಟಣಕ್ಕೆ ಬಂದಿದ್ದ. ಆಮೇಲೆ ಅವನು ದಿವಾನ್ ಪೂರ್ಣಯ್ಯನವರ ಭಾವಚಿತ್ರ ಬರೆದ, ಅದೀಗ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಬ್ರಿಟಿಷ್ ಕಲಾ ಕೇಂದ್ರದಲ್ಲಿದೆ. ಲಂಡನ್ನಿನ ವಿಧಾನ ಮೈಸೂರಿನ ಮುಖದ ಮೇಲೆ ಹೇಗೆ ಕೂತಿತೆಂದು ನೋಡಲು ಅದರ ದೊಡ್ಡ ಗಾತ್ರದ ಫೋಟೊ ಹುಡುಕಿ ಪಕ್ಕದಲ್ಲಿಟ್ಟುಕೊಳ್ಳಿ. ಕಂದು ಚರ್ಮಕ್ಕೆ ಬಿಳಿಯನ್ನು ಅರ್ಧಕ್ಕಿಳಿಸಿ, ಓಕರ್ ಜಾಗಕ್ಕೆ ರಾ ಸಿಯೆನ್ನಾ, ನೆರಳಿಗೆ ಬರ್ಂಟ್ ಸಿಯೆನ್ನಾ ಮತ್ತು ಅಂಬರ್ ತನ್ನಿ. ಎಲ್ಲಕ್ಕಿಂತ ಮುಖ್ಯ, ಹಣೆ ಮತ್ತು ಮೂಗಿನ ತುದಿಯ ಹೊಳಪನ್ನು ಹಳದಿ ಬಿಳಿಯಿಂದ ಹಾಕಬೇಡಿ. ಕಂದು ಚರ್ಮದ ಮೇಲೆ ಹೊಳಪು ಆಕಾಶದ ಪ್ರತಿಬಿಂಬ, ಅದು ನೀಲಿ ಬೂದು. ಹಳದಿಯಾದರೆ ಬೆವರಿದಂತೆಯೋ ಎಣ್ಣೆ ಹಚ್ಚಿದಂತೆಯೋ ಕಾಣುತ್ತದೆ.

ಕಣ್ಣಿನ ವಿಷಯಕ್ಕೆ ಸ್ವಲ್ಪ ನಿಲ್ಲೋಣ. ಕಣ್ಣಿನ ಬಿಳಿ ಬಿಳಿಯಲ್ಲ. ಬಿಳಿ, ಕಪ್ಪು, ಲೈಟ್ ರೆಡ್ ಸೇರಿದ ಬೂದು, ಅದೂ ಕೆನ್ನೆಯ ಬೆಳಕಿಗಿಂತ ಒಂದು ಮೆಟ್ಟಿಲು ಕೆಳಗೆ. ಮೇಲ್ರೆಪ್ಪೆಯ ನೆರಳು ಆ ಬಿಳಿಯ ಮೇಲ್ಭಾಗಕ್ಕೂ ಪಾಪೆಯ ಮೇಲ್ಭಾಗಕ್ಕೂ ಬೀಳುತ್ತದೆ. ಅದನ್ನು ಬಿಟ್ಟರೆ ಕಣ್ಣು ಬೆಚ್ಚಿದಂತಾಗುತ್ತದೆ. ಕೆಳರೆಪ್ಪೆಗೆ ದಪ್ಪವಿದೆ, ಆ ಕಿರು ಅಂಚಿನ ಮೇಲೆ ತೇವದ ತೆಳು ಬೆಳಕಿರುತ್ತದೆ, ಒಂದೇ ಗೀರು. ಹೊಳಪಿನ ಚುಕ್ಕಿ ಒಂದು ಕಣ್ಣಿಗೆ ಒಂದೇ, ಕಿಟಕಿಯ ದಿಕ್ಕಿಗೆ. ಅದನ್ನು ಸಿಟಿಂಗ್ ಮುಗಿಯುವ ಕೊನೆಯ ನಿಮಿಷದಲ್ಲಿ ದಪ್ಪ ಬಣ್ಣದಿಂದ ಒಂದೇ ಸಲ ಇಟ್ಟು ಬ್ರಷ್ ಎತ್ತಿ.

ಹೋಲಿಕೆ ಕೂರುವುದು ಬಾಯಿಯ ಎರಡು ಮೂಲೆಗಳಲ್ಲಿ. ಅಲ್ಲಿ ಗೆರೆ ಎಳೆಯದೆ ನಡುಬಣ್ಣದಲ್ಲಿ ಮಸುಕು ಮಾಡಿ. ಮೂಗಿನ ಹೊಳ್ಳೆಗೆ ಕಪ್ಪು ಬೇಡ, ಲೈಟ್ ರೆಡ್‌ಗೆ ಅಂಬರ್ ಸೇರಿಸಿದ ಬೆಚ್ಚಗಿನ ಕಂದು ಸಾಕು.

ನಾಲ್ಕನೇ ಸಿಟಿಂಗ್: ಕೆಂಪು

ಮತ್ತೆ ಎರಡು ವಾರ ಒಣಗಿದ ಮೇಲೆ ಗ್ಲೇಜ್. ಸ್ಟ್ಯಾಂಡ್ ಆಯಿಲ್ ಮತ್ತು ಟರ್ಪಂಟೈನ್ ಸಮಸಮ. ಆ ಮಿಶ್ರಣ ಆರು ಹನಿಗೆ ಕ್ವಿನಾಕ್ರಿಡೋನ್ ಕೆಂಪು ಒಂದು ಸಾಸಿವೆ ಕಾಳಿನಷ್ಟು. ಮೃದು ಬ್ರಷ್ಷಿನಿಂದ ಕೆನ್ನೆ, ಕೆಳತುಟಿ, ಕಿವಿಯ ಅಂಚು, ಮೂಗಿನ ತುದಿಗೆ ಸವರಿ, ಕೂಡಲೇ ಬೆರಳಿನಿಂದ ತಟ್ಟಿ ಹರಡಿ. ಬಣ್ಣ ಹಚ್ಚಿದ್ದು ಕಾಣಿಸಿದರೆ ಹೆಚ್ಚಾಯಿತು ಎಂದರ್ಥ, ಬಟ್ಟೆಯಿಂದ ತೆಗೆಯಿರಿ. ಕೆಳಗಿನ ಪದರದಲ್ಲಿ ವರ್ಮಿಲಿಯನ್ ಅಥವಾ ಲೈಟ್ ರೆಡ್ ಈಗಾಗಲೇ ಇರುವುದರಿಂದ ಈ ಗ್ಲೇಜ್ ಎಂದಾದರೂ ಮಾಸಿದರೂ ಮುಖ ಬಿಳುಚುವುದಿಲ್ಲ. ಹೋಲ್ಡರ್ನೆಸ್ ಚಿತ್ರಕ್ಕೆ ಸಿಗದೆ ಹೋದ ರಕ್ಷಣೆ ಇದು.

ಐದನೇ ಸಿಟಿಂಗ್: ಬಟ್ಟೆ, ಹಿನ್ನೆಲೆ

ದೊಡ್ಡಮನೆಯವರು ಬಟ್ಟೆಗೆಂದು ಕೂರುತ್ತಿರಲಿಲ್ಲ. ಉಡುಪನ್ನು ಮರದ ಬೊಂಬೆಗೆ ತೊಡಿಸಿ ಬರೆಯುವುದು ರೂಢಿ. ಅದಕ್ಕೆಂದೇ ಬೇರೆ ಕಲಾವಿದರಿದ್ದರು, ರೆನಾಲ್ಡ್ಸ್‌ಗೆ ಪೀಟರ್ ಟಾಮ್ಸ್ ಹೀಗೆ ಕೆಲಸ ಮಾಡಿಕೊಟ್ಟಿದ್ದ. ಗೇನ್ಸ್‌ಬರೊ ಮಾತ್ರ ಬಟ್ಟೆಯನ್ನು ತಾನೇ ಬರೆದ. ನೀರಿನಷ್ಟು ತೆಳ್ಳಗಿನ ಬಣ್ಣದ ಸಡಿಲ ಗೀರುಗಳು, ಹತ್ತಿರದಿಂದ ಗೀಚಿದಂತೆ, ದೂರದಿಂದ ಸರಸರ ರೇಷ್ಮೆ. ಮುಖವೂ ಬಟ್ಟೆಯೂ ಒಂದೇ ಗಾಳಿಯಲ್ಲಿರುವಂತೆ ಅವನ ಚಿತ್ರಗಳಲ್ಲಿ ಅನಿಸುವುದು ಇದರಿಂದ. ಈ ಒಂದು ವಿಷಯದಲ್ಲಿ ಗೇನ್ಸ್‌ಬರೊನನ್ನೇ ಹಿಂಬಾಲಿಸುವುದು ಸರಿ.

ರೇಷ್ಮೆಗೆ ಮೂರೇ ಛಾಯೆ: ತಳದ ನಡುಬಣ್ಣ, ಮಡಿಕೆಯ ನೆರಳು, ಹೊಳಪು. ಹೊಳಪು ಚೂಪು ಅಂಚಿನದು, ಮಡಿಕೆಯ ತುದಿಯಲ್ಲಿ ಫಕ್ಕನೆ ನಿಲ್ಲುತ್ತದೆ. ಅಂಚು ಮೃದುವಾದರೆ ರೇಷ್ಮೆ ಉಣ್ಣೆಯಾಗುತ್ತದೆ. ಸೀರೆಯ ಜರಿಗೆ ಚಿನ್ನದ ಬಣ್ಣ ಕೊಳ್ಳಬೇಡಿ. ರಾ ಅಂಬರ್ ಮತ್ತು ಓಕರಿನ ಮಂಕು ಪಟ್ಟಿ ಎಳೆದು ಒಣಗಿಸಿ, ಬೆಳಕು ಬೀಳುವ ಕಡೆ ಮಾತ್ರ ನೇಪಲ್ಸ್ ಯೆಲ್ಲೊವಿನ ದಪ್ಪ ಚುಕ್ಕಿಗಳನ್ನು ಬಿಡಿಬಿಡಿಯಾಗಿ ಇಡಿ. ನೆರಳಿನಲ್ಲಿರುವ ಜರಿ ಕಂದಾಗಿಯೇ ಇರಲಿ.

ಹಿನ್ನೆಲೆ ಬೂದು ಕಂದು ಸಾಕು. ಮುಖದ ಬೆಳಗಿದ ಕಡೆ ಹಿನ್ನೆಲೆ ಕಪ್ಪಾಗಲಿ, ನೆರಳಿನ ಕಡೆ ತುಸು ತಿಳಿಯಾಗಲಿ. ಕೆಂಪು ಪರದೆ, ಕಂಬ ಹಾಕುವ ಆಸೆಯಿದ್ದರೆ ಮೊದಲ ಚಿತ್ರದಲ್ಲಿ ಅದುಮಿಟ್ಟುಕೊಳ್ಳಿ. ಬೆಳಕಿನ ಭಾಗ ಬೆಚ್ಚಗಿನ ಬಣ್ಣದ್ದಿರಬೇಕು, ನೀಲಿಯನ್ನು ಕಡಿಮೆ ಬಳಸಬೇಕು ಎಂದು ರೆನಾಲ್ಡ್ಸ್ 1778ರಲ್ಲಿ ರಾಯಲ್ ಅಕಾಡೆಮಿಯಲ್ಲಿ ಹೇಳಿದ. ಅದಕ್ಕೆ ಸವಾಲಾಗಿ ಗೇನ್ಸ್‌ಬರೊ ನೀಲಿ ಉಡುಪಿನ ಹುಡುಗನನ್ನು ಬರೆದ ಎಂಬ ಕತೆ ಎಲ್ಲೆಲ್ಲೂ ಸಿಗುತ್ತದೆ. ಆ ಚಿತ್ರ ಸುಮಾರು 1770ರದ್ದು, ಕತೆ ನಿಲ್ಲುವುದಿಲ್ಲ. ಆದರೂ ನೀಲಿ ಬಟ್ಟೆ ಬರೆಯುವಾಗ ಸುತ್ತ ಕಂದು ಇಟ್ಟು ಅದನ್ನು ಹೇಗೆ ಬೆಚ್ಚಗಾಗಿಸಿದ್ದಾನೆಂದು ಅದರಲ್ಲಿ ನೋಡಿ ಕಲಿಯಬಹುದು.

ವಾರ್ನಿಷ್, ಗೋಡೆ, ಚಿತ್ರದ ಬೆನ್ನು

ಆರು ತಿಂಗಳು ವಾರ್ನಿಷ್ ಬೇಡ. ಆಮೇಲೂ ಟರ್ಪಂಟೈನ್ ಸೋಕಿಸಿದರೆ ಮತ್ತೆ ತೆಗೆಯಬಹುದಾದ ಸಿಂಥೆಟಿಕ್ ವಾರ್ನಿಷ್ಷನ್ನೇ ತೆಳ್ಳಗೆ ಹಚ್ಚಿ. ರೆನಾಲ್ಡ್ಸ್ ತನ್ನ ಗ್ಲೇಜ್‌ಗಳಿಗೇ ರಾಳ ಬೆರೆಸಿದ್ದರಿಂದ ಹಳದಿಯಾದ ವಾರ್ನಿಷ್ ತೆಗೆಯಲು ಹೋದರೆ ಜೊತೆಗೆ ಅವನ ಬಣ್ಣವೂ ಕರಗುತ್ತದೆ. ಅವನ ಚಿತ್ರಗಳನ್ನು ಶುಚಿಗೊಳಿಸುವುದು ಇವತ್ತಿಗೂ ಕಷ್ಟವಾಗಿರುವುದು ಅದಕ್ಕೆ.

ಮಾಡು ಮುಟ್ಟುವಂತೆ ತೂಗುಹಾಕಬೇಡಿ. 1784ರಲ್ಲಿ ಗೇನ್ಸ್‌ಬರೊ ರಾಜಕುಮಾರಿಯರ ಚಿತ್ರವನ್ನು ಐದೂವರೆ ಅಡಿಗಿಂತ ಮೇಲೆ ತೂಗಬಾರದೆಂದು ಅಕಾಡೆಮಿಗೆ ಬರೆದ, ಅವರು ಒಪ್ಪಲಿಲ್ಲ, ಅವನು ಮತ್ತೆಂದೂ ಅಲ್ಲಿ ಪ್ರದರ್ಶಿಸಲಿಲ್ಲ. ತೆಳು ಬಣ್ಣದ ಮುಖ ಕಣ್ಣಿನ ಮಟ್ಟದಲ್ಲೇ ಕಾಣಬೇಕು. ಚೌಕಟ್ಟಿನ ಹಿಂದೆ ನಾಲ್ಕು ಮೂಲೆಗೂ ಬಾಟಲಿಯ ಬಿರಡೆಯ ಬಿಲ್ಲೆ ಅಂಟಿಸಿದರೆ ಗೋಡೆಗೂ ಕ್ಯಾನ್ವಾಸಿಗೂ ನಡುವೆ ಗಾಳಿಯಾಡುತ್ತದೆ, ಮಳೆಗಾಲದ ಬೂಷ್ಟು ಹಿಡಿಯುವುದಿಲ್ಲ.

ಕೊನೆಗೊಂದು ಚೀಟಿ. ರೆನಾಲ್ಡ್ಸ್ ಯಾವ ಚಿತ್ರಕ್ಕೆ ಏನು ಬೆರೆಸಿದೆನೆಂದು ಲೆಕ್ಕದ ಪುಸ್ತಕಗಳಲ್ಲಿ ಹರಕುಮುರುಕು ಇಟಾಲಿಯನ್ನಿನಲ್ಲಿ ಗುರುತು ಹಾಕಿಕೊಂಡಿದ್ದ. ಅವನ ಚಿತ್ರಗಳನ್ನು ದುರಸ್ತಿ ಮಾಡುವವರಿಗೆ ಆ ಗುರುತುಗಳು ಇವತ್ತಿಗೂ ದಾರಿ ತೋರಿಸುತ್ತಿವೆ. ನೀವು ಕನ್ನಡದಲ್ಲೇ ಬರೆದು, ಬಟ್ಟೆಗೆ ಶಾಯಿ ಇಳಿಯದಂತೆ ಹಿಂಬದಿಯ ಮರದ ಪಟ್ಟಿಗೆ ಅಂಟಿಸಿ: ಯಾರ ಚಿತ್ರ, ಯಾವ ಊರಿನಲ್ಲಿ ಬರೆದದ್ದು, ಬೂದು ಪದರ ಹಚ್ಚಿದ ತಾರೀಖು, ಮೈಬಣ್ಣದ ತಾರೀಖು, ಗ್ಲೇಜ್‌ನ ತಾರೀಖು, ಬಳಸಿದ ಪ್ರತಿ ಟ್ಯೂಬಿನ ಹೆಸರು ಮತ್ತು ವರ್ಣಸಂಖ್ಯೆ, ವಾರ್ನಿಷ್ ಯಾವುದು, ಅದನ್ನು ಯಾವುದರಿಂದ ತೆಗೆಯಬಹುದು.